ಮೆಮೊರಿ ಕಾರ್ಡ್ ನಿಜಕ್ಕೂ ಸವೆದಿದೆಯೇ? ಎರರ್ ಬಂದಾಗ ದೋಷ ಹುಡುಕುವ ಬಗೆ

ಕ್ಯಾಮೆರಾ ಈಗಷ್ಟೇ ಕಾರ್ಡ್ ಎರರ್ ತೋರಿಸಿದ್ದು, ಕಾಪಿ ಮಾಡಿಕೊಳ್ಳದ ಫೋಟೋಗಳು ಅದರಲ್ಲಿ ಉಳಿದಿದ್ದರೆ, ಮುಂದೆ ಓದುವ ಮೊದಲು ಇಷ್ಟು ಮಾಡಿ. ಕಾರ್ಡಿಗೆ ಬರೆಯುವಾಗ ಮಿನುಗುವ ಪುಟ್ಟ ದೀಪ ಆರಿದೆಯೇ ನೋಡಿ, ಆಮೇಲೆ ಕ್ಯಾಮೆರಾ ಆಫ್ ಮಾಡಿ. ಕಾರ್ಡ್ ಹೊರಗೆ ತೆಗೆದು ಪಕ್ಕದ ಲಾಕ್ ಗುಂಡಿಯನ್ನು ಕೆಳಕ್ಕೆ ಜಾರಿಸಿ. ಬೇರೆ ಕಾರ್ಡ್ ಹಾಕಿಕೊಂಡು ಕೆಲಸ ಮುಂದುವರಿಸಿ. ಫಾರ್ಮ್ಯಾಟ್ ಮಾಡಲೇ ಎಂದು ಕ್ಯಾಮೆರಾ ಕೇಳಲಿ, ಕಂಪ್ಯೂಟರ್ ಕೇಳಲಿ, ಬೇಡ ಎನ್ನಿ. ಮನೆಗೆ ಬಂದು ಸಮಾಧಾನದಲ್ಲಿ ಕೂತು ಮಾಡಬಹುದಾದ ಕೆಲಸವನ್ನು ಛತ್ರದ ಗದ್ದಲದಲ್ಲಿ ಮಾಡಲು ಹೋಗಿಯೇ ಎಷ್ಟೋ ಜನ ಫೋಟೋ ಕಳೆದುಕೊಂಡಿದ್ದಾರೆ.

ನಾನು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಸ್ಟುಡಿಯೋ ನಡೆಸುವವನು. ಮದುವೆ, ಗೃಹಪ್ರವೇಶ, ಉಪನಯನ, ಶಾಲೆಯ ಗುಂಪು ಫೋಟೋ, ಎಲ್ಲವನ್ನೂ ತೆಗೆಯುತ್ತೇನೆ. ಸುತ್ತಲಿನ ಹುಡುಗರು ಕೆಟ್ಟ ಕಾರ್ಡ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುವುದು ರೂಢಿಯಾಗಿದೆ. ಬಂದವರು ಹೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಕಾರ್ಡ್ ಹಳೇದಾಯ್ತು, ಸವೆದು ಹೋಗಿರ್ಬೇಕು." ಹಾಗೆ ಬಂದ ಕಾರ್ಡುಗಳಲ್ಲಿ ನಿಜವಾಗಿ ಸವೆದವು ಬೆರಳೆಣಿಕೆಯಷ್ಟು. ಉಳಿದವುಗಳ ದೋಷ ಕ್ಯಾಮೆರಾದ ಕಾರ್ಡ್ ಕೂರುವ ಸ್ಲಾಟಿನಲ್ಲಿತ್ತು, ಕಂಪ್ಯೂಟರಿಗೆ ಜೋಡಿಸುವ ಕಾರ್ಡ್ ರೀಡರಿನಲ್ಲಿತ್ತು, ಕೊಂಡ ಜಾಗದಲ್ಲಿತ್ತು, ಇಲ್ಲವೇ ಕೈಯಲ್ಲಿತ್ತು. ಸವೆತ ಎಂದುಕೊಂಡು ಕಾರ್ಡನ್ನು ಬಿಸಾಡಿದರೆ ದೋಷ ಇದ್ದಲ್ಲೇ ಉಳಿದು ಮುಂದಿನ ಹೊಸ ಕಾರ್ಡನ್ನೂ ಕೆಡಿಸುತ್ತದೆ. ಆದ್ದರಿಂದ ಸವೆತದ ಅನುಮಾನವನ್ನು ಕೊನೆಗಿಟ್ಟುಕೊಂಡು ಹುಡುಕಬೇಕು.

ಮೊದಲು ಲೆಕ್ಕ: ಕಾರ್ಡ್ ಎಷ್ಟು ವರ್ಷ ಬಾಳಬೇಕು?

ಕಾರ್ಡಿನೊಳಗಿನ ಫ್ಲ್ಯಾಶ್ ಚಿಪ್ಪಿನಲ್ಲಿ ಕೋಟ್ಯಂತರ ಸಣ್ಣ ಕೋಶಗಳಿವೆ. ಒಂದೊಂದು ಕೋಶದಲ್ಲಿ ಸ್ವಲ್ಪ ವಿದ್ಯುದಂಶವನ್ನು ಕೂಡಿಹಾಕಿದರೆ ಅದೇ ಬರಹ, ಹೊರಗೆ ಎಳೆದರೆ ಅದೇ ಅಳಿಸುವಿಕೆ. ಕೂಡಿಹಾಕುವಾಗಲೂ ಎಳೆಯುವಾಗಲೂ ಆ ವಿದ್ಯುದಂಶ ತೀರಾ ತೆಳ್ಳನೆಯ ಆಕ್ಸೈಡ್ ಪದರವೊಂದನ್ನು ದಾಟಿ ಹೋಗಬೇಕು. ದಾಟಿದಷ್ಟೂ ಸಲ ಪದರಕ್ಕೆ ತುಸು ಪೆಟ್ಟು ಬೀಳುತ್ತದೆ. ಕಾಪಿ ಪುಸ್ತಕದ ಒಂದೇ ಜಾಗದಲ್ಲಿ ಬರೆದು ರಬ್ಬರಿನಿಂದ ಉಜ್ಜಿ, ಮತ್ತೆ ಬರೆದು ಮತ್ತೆ ಉಜ್ಜಿದರೆ ಹಾಳೆ ತೆಳುವಾಗಿ ಕೊನೆಗೆ ತೂತು ಬೀಳುತ್ತದಲ್ಲ, ಹಾಗೆ.

ಎಷ್ಟು ಸಲ ಉಜ್ಜಿದರೆ ತೂತು ಎಂಬುದು ಚಿಪ್ಪಿನ ಜಾತಿಯ ಮೇಲೆ ನಿಂತಿದೆ. ಒಂದು ಕೋಶದಲ್ಲಿ ಒಂದೇ ಬಿಟ್ (ಮಾಹಿತಿಯ ಅತಿ ಸಣ್ಣ ತುಣುಕು) ಇಡುವ ಎಸ್‌ಎಲ್‌ಸಿ ಸುಮಾರು 1 ಲಕ್ಷ ಸಲ ತಡೆಯುತ್ತದೆ. ಎರಡು ಬಿಟ್‌ನ ಎಂಎಲ್‌ಸಿ 3,000ದಿಂದ 10,000 ಸಲ. ಮೂರು ಬಿಟ್ ತುಂಬುವ ಟಿಎಲ್‌ಸಿ ಸುಮಾರು 1,000 ಸಲ, ಚೆನ್ನಾಗಿದ್ದರೆ ಅದಕ್ಕೂ ಹೆಚ್ಚು. ಮೂರು ಬಿಟ್ ಎಂದರೆ ಒಂದೇ ಕೋಶದಲ್ಲಿ ಎಂಟು ಬೇರೆ ಬೇರೆ ಮಟ್ಟಗಳನ್ನು ಗುರುತಿಸಬೇಕು, ಹಾಗಾಗಿ ಪದರ ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡುಗಳಲ್ಲಿ ಬಹುಪಾಲು ಟಿಎಲ್‌ಸಿ ಎಂದೇ ಹಿಡಿಯಿರಿ.

ಈಗ ನನ್ನದೇ 64 ಜಿಬಿ ಕಾರ್ಡನ್ನು ತೆಗೆದುಕೊಳ್ಳಿ. ವರ್ಷಕ್ಕೆ ಅರವತ್ತು ಕಾರ್ಯಕ್ರಮ, ಪ್ರತಿಸಲವೂ ಕಾರ್ಡ್ ಪೂರ್ತಿ ತುಂಬಿತು ಎಂದುಕೊಳ್ಳೋಣ. 1,000 ಸಲ ತುಂಬಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಕಾರ್ಡಿನೊಳಗೆ ಓದು, ಬರಹವನ್ನೆಲ್ಲ ನಡೆಸುವ ಕಂಟ್ರೋಲರ್ ಎಂಬ ಚಿಪ್ಪು ತನ್ನ ಕೆಲಸಕ್ಕೆಂದು ಒಂದಷ್ಟು ಹೆಚ್ಚುವರಿ ಬರೆಯುತ್ತದೆ ಎಂದು ಅರ್ಧಕ್ಕೆ ಇಳಿಸಿದರೂ ಎಂಟು ವರ್ಷ. ಅಷ್ಟರೊಳಗೆ ಕ್ಯಾಮೆರಾವೇ ಬದಲಾಗಿ ಆ ಕಾರ್ಡ್ ಸಾಲದಾಗುತ್ತದೆ. 2006ರ ಸುಮಾರಿಗೆ ನಾವೆಲ್ಲ ಅಭಿಮಾನದಿಂದ ಕೊಂಡಿದ್ದ 2 ಜಿಬಿ ಕಾರ್ಡಿನಲ್ಲಿ ಈಗಿನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲುಗಳು (ಕುಗ್ಗಿಸಿ ಜೆಪೆಗ್ ಮಾಡದ ಮೂಲ ಚಿತ್ರಗಳು) ಎಪ್ಪತ್ತು ಹಿಡಿದರೆ ಹೆಚ್ಚು. ಆ ಕಾರ್ಡುಗಳು ಸತ್ತು ಮೂಲೆ ಸೇರಿದ್ದಲ್ಲ, ಸಾಲದೆ ಸೇರಿದ್ದು.

ಇನ್ನೊಂದು ವಿಷಯ: ಬರಹ ಒಂದೇ ಜಾಗದಲ್ಲಿ ಬೀಳದಂತೆ ಕಂಟ್ರೋಲರ್ ನೋಡಿಕೊಳ್ಳುತ್ತದೆ. ದಿನಾ ಒಂದೇ ಕಾಲುದಾರಿಯಲ್ಲಿ ನಡೆದರೆ ಹುಲ್ಲು ಸತ್ತು ಮಣ್ಣು ಕಾಣುತ್ತದೆ, ಬ್ಯಾಣದ (ಹುಲ್ಲುಗಾವಲಿನ) ತುಂಬ ಹರಡಿ ನಡೆದರೆ ಎಲ್ಲೂ ದಾರಿ ಮೂಡುವುದಿಲ್ಲ. ಕಂಟ್ರೋಲರ್ ಮಾಡುವುದು ಎರಡನೆಯದನ್ನು. ಜೊತೆಗೆ ಒಂದಷ್ಟು ಮೀಸಲು ಬ್ಲಾಕುಗಳನ್ನು (ಕೋಶಗಳ ಗುಂಪುಗಳನ್ನು) ಇಟ್ಟುಕೊಂಡಿದ್ದು, ಕೆಟ್ಟ ಬ್ಲಾಕ್ ಕಂಡಾಗ ಅದನ್ನು ಬಿಟ್ಟು ಮೀಸಲಿನಿಂದ ಒಂದನ್ನು ಸೇರಿಸಿಕೊಳ್ಳುತ್ತದೆ. ನಮಗೆ ಇದಾವುದೂ ಹೊರಗೆ ಗೊತ್ತಾಗುವುದಿಲ್ಲ.

ಪದೇ ಪದೇ ಫಾರ್ಮ್ಯಾಟ್ ಮಾಡಿದರೆ ಕಾರ್ಡ್ ಬೇಗ ಸಾಯುತ್ತದೆ ಎನ್ನುವವರಿದ್ದಾರೆ. ಅದು ತಪ್ಪು. ಸಾಮಾನ್ಯ ಫಾರ್ಮ್ಯಾಟ್ ಹೊಸದಾಗಿ ಬರೆಯುವುದು ಫೈಲುಗಳ ಪಟ್ಟಿಯನ್ನು ಮಾತ್ರ. ಅಷ್ಟಕ್ಕೆ ಕಾರ್ಡ್ ಸವೆಯುವುದಿಲ್ಲ. ಫೋಟೋ ನೋಡುವುದರಿಂದ, ಕಾಪಿ ಮಾಡುವುದರಿಂದಲೂ ಲೆಕ್ಕಕ್ಕೆ ಬರುವಷ್ಟು ಸವೆತ ಆಗುವುದಿಲ್ಲ.

ದೋಷ ಯಾರ ಹಿಂದೆ ಹೋಗುತ್ತದೆ ನೋಡಿ

ಕ್ಯಾನನ್ ಕ್ಯಾಮೆರಾಗಳಲ್ಲಿ ಎರರ್ 02 ಎಂದು ಬರುತ್ತದೆ. ನಿಕಾನ್‌ನ ಹಲವು ಮಾದರಿಗಳಲ್ಲಿ ಸಿ, ಎಚ್, ಎ ಎಂಬ ಮೂರಕ್ಷರ ಮಿನುಗುತ್ತದೆ. ಎರಡರ ಅರ್ಥವೂ ಇಷ್ಟೇ: ಕಾರ್ಡಿನೊಂದಿಗೆ ಮಾತು ಕೂಡಲಿಲ್ಲ. ತಪ್ಪು ಯಾರದು ಎಂದು ಕ್ಯಾಮೆರಾ ಹೇಳುತ್ತಿಲ್ಲ, ಅದನ್ನು ನಾವೇ ಅದಲುಬದಲು ಮಾಡಿ ಕಂಡುಕೊಳ್ಳಬೇಕು.

ಅದೇ ಕಾರ್ಡನ್ನು ಬೇರೆ ಕ್ಯಾಮೆರಾಗೆ ಹಾಕಿ. ಅದೇ ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ. ಕಾರ್ಡ್ ಹೋದಲ್ಲೆಲ್ಲ ಎರರ್ ಹೋದರೆ ದೋಷ ಕಾರ್ಡಿನದು. ಕಾರ್ಡ್ ಬದಲಿಸಿದರೂ ಎರರ್ ಆ ಕ್ಯಾಮೆರಾ ಬಾಡಿಯಲ್ಲೇ ನಿಂತರೆ ದೋಷ ಸ್ಲಾಟಿನದು. ಕ್ಯಾಮೆರಾದಲ್ಲಿ ಸರಿಯಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ತಕರಾರಾದರೆ ರೀಡರ್ ಬದಲಿಸಿ, ಕೇಬಲ್ ಬದಲಿಸಿ, ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಚುಚ್ಚಿ. ನೂರಿನ್ನೂರು ರೂಪಾಯಿಯ ರೀಡರುಗಳಿಂದ ಎಷ್ಟು ಒಳ್ಳೆಯ ಕಾರ್ಡುಗಳಿಗೆ ಕೆಟ್ಟ ಹೆಸರು ಬಂದಿದೆಯೋ ಲೆಕ್ಕವಿಲ್ಲ. ಕಾಪಿ ನಡುವೆಯೇ ರೀಡರ್ ಒಂದು ಕ್ಷಣ ಸಂಪರ್ಕ ಬಿಟ್ಟು ಹಿಡಿದರೂ ಸಾಕು, ಫೈಲುಗಳ ಪಟ್ಟಿ ಕಲಸಿಹೋಗಬಹುದು.

ಮೈಕ್ರೋ ಎಸ್‌ಡಿಯನ್ನು ಅಡಾಪ್ಟರಿನಲ್ಲಿಟ್ಟು ಕ್ಯಾಮೆರಾದಲ್ಲಿ ಬಳಸುವವರು ಮೊದಲು ಅಡಾಪ್ಟರನ್ನೇ ಅನುಮಾನಿಸಿ.

ಈ ಅದಲುಬದಲಿನ ಪರೀಕ್ಷೆ ಎಷ್ಟು ಮುಖ್ಯ ಎಂದು ನನಗೆ ತಿಳಿದದ್ದು ಒಂದು ವೈಶಾಖದ ಮದುವೆಯಲ್ಲಿ. ಧಾರೆ ಮುಗಿದು ಅಕ್ಷತೆ ಬೀಳುತ್ತಿತ್ತು. ಆ ಗದ್ದಲದಲ್ಲೇ ಕಾರ್ಡ್ ತುಂಬಿತು. ನನ್ನ ಜೊತೆಗಿದ್ದ ಹುಡುಗ ಮಂಟಪದ ಪಕ್ಕದಲ್ಲೇ ಸ್ಲಾಟಿನ ಬಾಗಿಲು ತೆಗೆದು ಹೊಸ ಕಾರ್ಡ್ ಹಾಕಿದ. ಎರರ್. ಇನ್ನೊಂದು ಹಾಕಿದ, ಎರರ್. ತುಂಬಿದ ಹಳೆಯ ಕಾರ್ಡನ್ನೇ ಮತ್ತೆ ಹಾಕಿದರೂ ಎರರ್. "ಅಣ್ಣಾ, ಮೂರೂ ಕಾರ್ಡ್ ಒಟ್ಟಿಗೆ ಹೋದ್ವು" ಎಂದ. ಮುಖ ಬಿಳಿಚಿಕೊಂಡಿತ್ತು. ಹೆಣ್ಣಿನ ಮಾವ ಬೇರೆ ಹತ್ತಿರ ಬಂದು "ಎಂತ ಮಾರಾಯ್ರೆ, ಧಾರೆದು ಬಂತಲ?" ಎಂದು ಕೇಳುತ್ತಿದ್ದರು. ನಾನು ಇನ್ನೊಂದು ಬಾಡಿ ಹಿಡಿದು ಉಳಿದ ಶಾಸ್ತ್ರಗಳನ್ನು ತೆಗೆದೆ. ಊಟದ ಹೊತ್ತಿಗೆ ಮೊಬೈಲ್ ಟಾರ್ಚ್ ಬಿಟ್ಟು ಸ್ಲಾಟಿನೊಳಗೆ ನೋಡಿದರೆ, ಆಳದಲ್ಲಿ ಪಿನ್ನುಗಳ ಸಾಲಿಗೆ ಅಡ್ಡವಾಗಿ ಅರಿಶಿನ ಬಣ್ಣದ ಒಂದು ನುಚ್ಚಕ್ಕಿಯ ಚೂರು, ಅದರ ಸುತ್ತ ಕುಂಕುಮದ ಕೆಂಪು ಪುಡಿ. ಎಸ್‌ಡಿ ಕಾರ್ಡಿನ ದಪ್ಪ 2.1 ಮಿಲಿಮೀಟರ್. ಆ ಸಂದಿಗೆ ಇಡೀ ಅಕ್ಕಿಕಾಳು ಹೋಗುವುದು ಕಷ್ಟ, ನುಚ್ಚು ಸಲೀಸಾಗಿ ಹೋಗುತ್ತದೆ. ಬಾಡಿಯನ್ನು ತಲೆಕೆಳಗೆ ಹಿಡಿದು ಗಾಳಿ ಬುರುಡೆಯಿಂದ ಊದಿದಾಗ ಚೂರು ಉದುರಿತು. ಮೂರು ಕಾರ್ಡುಗಳೂ ಆ ಕೂಡಲೇ ಸರಿಹೋದವು. ಧಾರೆಯ ಫೋಟೋಗಳೆಲ್ಲ ಇದ್ದವು. ಆ ಮೂರರಲ್ಲಿ ಎರಡು ಇವತ್ತಿಗೂ ನನ್ನ ಬ್ಯಾಗಿನಲ್ಲಿವೆ.

ಅಂದಿನಿಂದ ಮಂಟಪದಿಂದ ದೂರ ಬಂದು, ಬಾಗಿಲು ನೆಲಕ್ಕೆ ಮುಖ ಮಾಡಿರುವಂತೆ ಬಾಡಿ ಹಿಡಿದು ಕಾರ್ಡ್ ಬದಲಿಸುವುದು ನಮ್ಮ ನಿಯಮ. ಕುಂಕುಮ ಮುಟ್ಟಿದ ಕೈಯನ್ನು ಮೊದಲು ಒರೆಸಿಕೊಳ್ಳಬೇಕು.

ಸಂಪರ್ಕ ಪಟ್ಟಿಗಳು, ಲಾಕ್ ಗುಂಡಿ

ಕಾರ್ಡಿನ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಸ್‌ಡಿ ಕಾರ್ಡಿನಲ್ಲಿ ಒಂಬತ್ತು ಪಟ್ಟಿಗಳ ಒಂದು ಸಾಲಿರುತ್ತದೆ. ವೇಗದ ಯುಎಚ್‌ಎಸ್ ಎರಡನೇ ತಲೆಮಾರಿನ ಕಾರ್ಡುಗಳಲ್ಲಿ ಅದರ ಕೆಳಗೆ ಇನ್ನೊಂದು ಸಾಲು. ಈ ಎರಡನೇ ಸಾಲು ಕೊಳೆಯಾದರೆ ಎರರ್ ಬರುವುದಿಲ್ಲ, ಕಾರ್ಡ್ ಸದ್ದಿಲ್ಲದೆ ಹಳೆಯ ವೇಗಕ್ಕೆ ಇಳಿಯುತ್ತದೆ. ನಿನ್ನೆವರೆಗೆ ಸರಸರ ಕಾಪಿಯಾಗುತ್ತಿದ್ದ ಕಾರ್ಡ್ ಇವತ್ತು ಎಳೆದಾಡುತ್ತಿದೆ ಎಂದರೆ ಮೊದಲು ಅಲ್ಲಿ ನೋಡಿ.

ಈ ಪಟ್ಟಿಗಳನ್ನು 10,000 ಸಲ ಹಾಕಿ ತೆಗೆಯಬಹುದು ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ದಿನಕ್ಕೆ ಎರಡು ಸಲ ಹಾಕಿ ತೆಗೆದರೂ ಹದಿಮೂರು ವರ್ಷ ದಾಟುತ್ತದೆ. ಆದರೆ ಮರಳು, ದೂಳು ಸೇರಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಚಿನ್ನದ ಲೇಪ ಗೀಚಿ ಹೋದ ಕಡೆ ಒಳಗಿನ ಲೋಹ ಗಾಳಿಗೆ ತೆರೆದುಕೊಳ್ಳುತ್ತದೆ. ಆಗುಂಬೆಯ ಸುತ್ತಮುತ್ತ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಹಾಗಿರುವಾಗ ಅಲ್ಲಿ ಕಲೆ ಕಟ್ಟದೆ ಇರುತ್ತದೆಯೇ? ಕಾರ್ಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ನಮ್ಮ ಕಡೆಯವರಿಗೆ ಲೆನ್ಸಿನಷ್ಟೇ ಅಗತ್ಯ.

ಶುಚಿ ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ, ನೂಲು ಬಿಡದ ಬಟ್ಟೆ. ಪಟ್ಟಿಯ ಉದ್ದಕ್ಕೆ ಹಗುರವಾಗಿ ಎಳೆದು ಪೂರ್ತಿ ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದನ್ನು ನಾನೂ ಮೊದಲು ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ರಬ್ಬರ್ ಲೇಪವನ್ನೂ ತಿನ್ನುತ್ತದೆ, ಅದರ ಪುಡಿ ಸ್ಲಾಟಿನೊಳಗೂ ಸೇರುತ್ತದೆ. ಸ್ಲಾಟಿಗೆ ಬಾಯಿಯಿಂದ ಊದಲೇಬೇಡಿ, ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ.

ಕಾರ್ಡ್ ಲಾಕ್ ಆಗಿದೆ ಎಂದು ಕ್ಯಾಮೆರಾ ಹಟ ಹಿಡಿದು, ಗುಂಡಿ ನೋಡಿದರೆ ಸರಿಯಾಗೇ ಮೇಲಿದ್ದರೆ? ಆ ಗುಂಡಿ ಬರೀ ಪ್ಲಾಸ್ಟಿಕ್ ತುಂಡು, ಒಳಗೆ ಯಾವ ತಂತಿಗೂ ಸೇರಿಲ್ಲ. ಅದು ಎಲ್ಲಿದೆ ಎಂದು ಗುರುತಿಸುವುದು ಸ್ಲಾಟಿನ ಒಳಗಿನ ಒಂದು ಸಣ್ಣ ಸ್ವಿಚ್ಚು. ಗುಂಡಿ ಸಡಿಲವಾಗಿ ಹಾಕುವಾಗಲೇ ಕೆಳಗೆ ಜಾರುತ್ತಿರಬಹುದು, ಮುರಿದು ಬಿದ್ದಿರಬಹುದು. ಆ ಸಂದಿನ ಮೇಲೆ ತೆಳ್ಳನೆಯ ಸೆಲ್ಲೋಟೇಪ್ ತುಂಡನ್ನು ನೀಟಾಗಿ ಸುತ್ತಿ ಅಂಟಿಸಿದರೆ ಲಾಕ್ ಬಿಟ್ಟುಕೊಳ್ಳುತ್ತದೆ. ಪಟ್ಟಿಗಳ ಮೇಲೆ ಟೇಪ್ ಬರದಂತೆ ನೋಡಿಕೊಳ್ಳಿ, ಫೋಟೋ ಕಾಪಿ ಮಾಡಿಕೊಂಡ ಮೇಲೆ ಆ ಕಾರ್ಡನ್ನು ಮದುವೆ ಕೆಲಸಕ್ಕೆ ಒಯ್ಯಬೇಡಿ. ಟೇಪ್ ಒಳಗೇ ಸಿಕ್ಕಿಕೊಂಡರೆ ಸರ್ವಿಸ್ ಸೆಂಟರಿಗೇ ಹೋಗಬೇಕಾಗುತ್ತದೆ.

ಹಳೆಯ ಕ್ಯಾಮೆರಾ, ಹಳೆಯ ರೀಡರ್

ಎಸ್‌ಡಿ ಕಾರ್ಡ್ ಬಂದದ್ದು 1999ರಲ್ಲಿ. 2006ರಲ್ಲಿ ಎಸ್‌ಡಿಎಚ್‌ಸಿ ಬಂದು ಮಿತಿ 32 ಜಿಬಿಗೆ ಏರಿತು, 2009ರಲ್ಲಿ ಎಸ್‌ಡಿಎಕ್ಸ್‌ಸಿ ಬಂದು 2 ಟಿಬಿಗೆ ಏರಿತು. ಆಕಾರ ಒಂದೇ, ಒಳಗಿನ ವ್ಯವಸ್ಥೆ ಬೇರೆ. 64 ಜಿಬಿ ಕಾರ್ಡನ್ನು 2009ಕ್ಕಿಂತ ಹಿಂದಿನ ಕ್ಯಾಮೆರಾಗೋ ರೀಡರಿಗೋ ಹಾಕಿದರೆ ಸುಲಭವಾಗಿ ಒಳಗೆ ಹೋಗುತ್ತದೆ, ಆಮೇಲೆ ಫಾರ್ಮ್ಯಾಟ್ ಕೇಳುತ್ತದೆ ಇಲ್ಲವೇ ಕಾರ್ಡೇ ಇಲ್ಲ ಎನ್ನುತ್ತದೆ. ಕಾರ್ಡ್ ಚೆನ್ನಾಗೇ ಇದೆ, ಫೈಲುಗಳನ್ನು ಜೋಡಿಸಿಡಲು ಅದು ಬಳಸುವ ಎಕ್ಸ್‌ಫ್ಯಾಟ್ ಭಾಷೆ ಆ ಹಳೆಯ ಕ್ಯಾಮೆರಾಗೋ ರೀಡರಿಗೋ ಬರುವುದಿಲ್ಲ ಅಷ್ಟೆ. ಹಳೆಯ ಕ್ಯಾಮೆರಾಗಳಿಗೆ 32 ಜಿಬಿ ಅಥವಾ ಅದಕ್ಕೂ ಚಿಕ್ಕದು ಕೊಳ್ಳಿ.

ನಕಲಿ ಕಾರ್ಡ್

ಇದರ ಬಗ್ಗೆ ತುಸು ಹೆಚ್ಚೇ ಬರೆಯಬೇಕು, ಏಕೆಂದರೆ ಸವೆತ ಎಂದು ನನ್ನ ಮುಂದೆ ಬಂದ ಕಾರ್ಡುಗಳಲ್ಲಿ ಅತಿ ಹೆಚ್ಚು ನೋವು ಕೊಟ್ಟವು ನಕಲಿಗಳೇ. ಒಳಗೆ 8 ಜಿಬಿ ಚಿಪ್ಪಿಟ್ಟು ಕಂಟ್ರೋಲರಿಗೆ 64 ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಹೊರಗಿನ ಸ್ಟಿಕ್ಕರ್ ಹೆಸರಾಂತ ಕಂಪನಿಯದೇ. ಕ್ಯಾಮೆರಾ 64 ಎಂದೇ ನಂಬುತ್ತದೆ. ಮೊದಲ ಇನ್ನೂರೋ ಮುನ್ನೂರೋ ಫೋಟೋ ಸರಿಯಾಗಿ ಕೂರುತ್ತವೆ. ಆಮೇಲೆ ಬರೆದದ್ದು ಒಂದೋ ಎಲ್ಲೂ ಕೂರುವುದಿಲ್ಲ, ಇಲ್ಲವೇ ಸುತ್ತಿ ಬಂದು ಮೊದಲಿನ ಫೋಟೋಗಳ ಮೇಲೆಯೇ ಬೀಳುತ್ತದೆ. ಕ್ಯಾಮೆರಾದ ಪರದೆಯಲ್ಲಿ ಆ ಕ್ಷಣ ಕಾಣುವ ಚಿತ್ರ ಸಾಮಾನ್ಯವಾಗಿ ಕ್ಯಾಮೆರಾದ ಸ್ವಂತ ನೆನಪಿನದು, ಆದ್ದರಿಂದ ಸ್ಥಳದಲ್ಲಿ ಏನೂ ಗೊತ್ತಾಗುವುದಿಲ್ಲ. ಮನೆಗೆ ಬಂದು ತೆರೆದಾಗ ಅರ್ಧ ಚಿತ್ರ, ಅರ್ಧ ಬೂದು ಬಣ್ಣ. ಹೀಗಾದಾಗ ಕಳೆದುಹೋದದ್ದನ್ನು ಯಾವ ತಂತ್ರಾಂಶವೂ ತಂದುಕೊಡಲಾರದು, ಏಕೆಂದರೆ ಅದು ಒಂದೋ ಎಲ್ಲೂ ದಾಖಲಾಗಿಯೇ ಇಲ್ಲ, ಇಲ್ಲವೇ ಅದರ ಮೇಲೆ ಬೇರೆಯದು ಬಿದ್ದು ಅಳಿದುಹೋಗಿದೆ. ಮಗುವಿನ ನಾಮಕರಣದ ಫೋಟೋ ಹೀಗೆ ಕಳೆದುಕೊಂಡ ತಾಯಿಯೊಬ್ಬರಿಗೆ ನಾನು ಈ ಮಾತನ್ನು ಹೇಳಬೇಕಾಗಿ ಬಂದಿತ್ತು.

ಪರೀಕ್ಷೆ ಸುಲಭ, ಖರ್ಚಿಲ್ಲ. ವಿಂಡೋಸಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಖಾಲಿ ಕಾರ್ಡಿನ ತುದಿಯವರೆಗೂ ತಮಗೆ ಗೊತ್ತಿರುವ ಮಾಹಿತಿಯನ್ನು ಬರೆದು, ಮತ್ತೆ ಮೊದಲಿನಿಂದ ಓದಿ ಹೋಲಿಸುತ್ತವೆ. ನಕಲಿಯಾದರೆ ಒಂದು ಗೆರೆ ಎಳೆದಂತೆ, ಇಲ್ಲಿಯವರೆಗೆ ಸರಿ, ಇಲ್ಲಿಂದಾಚೆ ಎಲ್ಲ ನಷ್ಟ ಎಂದು ತೋರಿಸುತ್ತದೆ. ಆ ಗೆರೆಯೇ ಗುರುತು. ಸವೆದ ಕಾರ್ಡಿನಲ್ಲಿ ತಪ್ಪುಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಹೊಸ ಕಾರ್ಡ್ ತಂದ ದಿನವೇ, ಮೊದಲ ಫೋಟೋ ತೆಗೆಯುವ ಮುಂಚೆ ಈ ಪರೀಕ್ಷೆ ಮಾಡಿ. 64 ಜಿಬಿ ಕಾರ್ಡಿಗೆ ರೀಡರಿನ ವೇಗಕ್ಕೆ ತಕ್ಕಂತೆ ಒಂದೆರಡು ತಾಸು ಹಿಡಿಯಬಹುದು. ರಾತ್ರಿ ಹಾಕಿ ಮಲಗಿದರೆ ಆಯಿತು.

ವಿಂಡೋಸಿನಲ್ಲಿ 64ರ ಬದಲು 59.6 ಜಿಬಿ ಕಂಡರೆ ಹೆದರಬೇಡಿ, ಅದು ಮೋಸವಲ್ಲ. ಕಾರ್ಡ್ ಮಾಡುವವರು 1 ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಎಂದು ಎಣಿಸುತ್ತದೆ.

ವಿಡಿಯೋ ತಾನಾಗಿ ನಿಲ್ಲುತ್ತಿದ್ದರೆ

ಇದು ಹೆಚ್ಚಾಗಿ ವೇಗದ ಕೊರತೆ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗದ ಸಂಖ್ಯೆ ಸಾಮಾನ್ಯವಾಗಿ ಓದುವ ವೇಗ. ನಮಗೆ ಬೇಕಾದದ್ದು ಎಡೆಬಿಡದೆ ಬರೆಯುವ ಕನಿಷ್ಠ ವೇಗ. ವಿ30 ಎಂದಿದ್ದರೆ ಸೆಕೆಂಡಿಗೆ 30 ಎಂಬಿ, ಯು3 ಎಂದರೂ ಅಷ್ಟೇ, ಕ್ಲಾಸ್ 10 ಮತ್ತು ಯು1 ಎಂದರೆ 10 ಎಂಬಿ. ಮೊದಲು ಚೆನ್ನಾಗಿ ನಡೆಯುತ್ತಿದ್ದ ಕಾರ್ಡ್ ಈಗ ನಿಧಾನವಾಗಿದ್ದರೆ, ಫೋಟೋಗಳನ್ನೆಲ್ಲ ಕಾಪಿ ಮಾಡಿಟ್ಟುಕೊಂಡು ಕ್ಯಾಮೆರಾದ ಲೋ ಲೆವೆಲ್ ಫಾರ್ಮ್ಯಾಟ್ ಅಥವಾ ಎಸ್‌ಡಿ ಅಸೋಸಿಯೇಶನ್ನಿನ ಉಚಿತ ಫಾರ್ಮ್ಯಾಟರಿನಲ್ಲಿ ಓವರ್‌ರೈಟ್ ಆಯ್ಕೆ ಬಳಸಿ ನೋಡಿ. ಎಷ್ಟೋ ಸಲ ಕಾರ್ಡ್ ಮತ್ತೆ ಹಗುರಾಗುತ್ತದೆ. ಹೀಗೆ ಮಾಡಿಯೂ ನಿಧಾನ ಹೋಗದಿದ್ದರೆ ಈಗ ಸವೆತದ ಕಡೆ ತಿರುಗೋಣ.

ನಿಜವಾಗಿ ಸವೆದ ಕಾರ್ಡ್ ಹೇಗಿರುತ್ತದೆ

ಒಬ್ಬ ಹುಡುಗ ತಂದ ಕಾರ್ಡಿನ ಕತೆ ಹೇಳಿದರೆ ಸಾಕು. "ಅಣ್ಣಾ, ಫೋಟೋ ಡಿಲೀಟ್ ಮಾಡಿದ್ರೆ ಮತ್ತೆ ಬರ್ತವೆ" ಎಂದ. ನಾನು ನಂಬದೆ ರೀಡರಿಗೆ ಹಾಕಿದೆ. ಒಂದು ಫೋಲ್ಡರ್ ತುಂಬ ಫೋಟೋ. ಎಲ್ಲ ಅಳಿಸಿದೆ, ಫೋಲ್ಡರ್ ಖಾಲಿ ಕಂಡಿತು. ಸರಿಯಾದ ಕ್ರಮದಲ್ಲೇ ಹೊರತೆಗೆದು ಮತ್ತೆ ಹಾಕಿದೆ. ಅಷ್ಟೂ ಫೋಟೋಗಳು ಅದೇ ಹೆಸರು, ಅದೇ ಸಾಲಿನಲ್ಲಿ ಕೂತಿದ್ದವು. ಫಾರ್ಮ್ಯಾಟ್ ಮಾಡಿದೆ, ಯಶಸ್ವಿಯಾಯಿತು ಎಂದಿತು. ಮತ್ತೆ ಹಾಕಿದರೆ ಫೋಟೋಗಳು ಹಾಗೇ ಇವೆ. ಮೀಸಲು ಬ್ಲಾಕುಗಳೆಲ್ಲ ಮುಗಿದಾಗ ಕೆಲವು ಕಂಟ್ರೋಲರುಗಳು ಬರೆಯುವ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಇದ್ದದ್ದನ್ನು ಓದಿಕೊಳ್ಳಬಹುದು, ಹೊಸದನ್ನು ಇಡುವಂತಿಲ್ಲ. ಇದು ಸವೆತದ ಅತ್ಯಂತ ಸ್ಪಷ್ಟ ಗುರುತು, ಮತ್ತು ಒಂದು ರೀತಿಯಲ್ಲಿ ಒಳ್ಳೆಯ ಸಾವು, ಏಕೆಂದರೆ ಫೋಟೋಗಳು ಉಳಿದಿರುತ್ತವೆ.

"ಈ ಕಾರ್ಡ್ ಮೊದಲು ಎಲ್ಲಿತ್ತು?" ಎಂದು ಕೇಳಿದೆ. "ಹೊಸದೇ ಅಣ್ಣಾ, ಎರಡು ವರ್ಷ ಆಗಿಲ್ಲ. ಅಂಗಡಿ ಸಿಸಿ ಕ್ಯಾಮೆರಾದಲ್ಲಿತ್ತು, ತೆಗೆದು ಇದಕ್ಕೆ ಹಾಕಿದೆ." ಗುಟ್ಟು ಅಲ್ಲಿತ್ತು. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಒಂದು ಸಿಸಿ ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ಬರೆಯುತ್ತದೆ. 64 ಜಿಬಿ ಕಾರ್ಡ್ ಒಂದೂವರೆ ದಿನಕ್ಕೊಮ್ಮೆ ಪೂರ್ತಿ ತುಂಬಿ ಅಳಿಯುತ್ತದೆ, ವರ್ಷಕ್ಕೆ ಸುಮಾರು 245 ಸಲ. ನಾನು ನಾಲ್ಕು ವರ್ಷ ಮದುವೆ ತೆಗೆದು ಸವೆಸುವಷ್ಟನ್ನು ಅದು ಒಂದೇ ವರ್ಷದಲ್ಲಿ ಸವೆಸುತ್ತದೆ. ಜೊತೆಗೆ ಬಿಸಿಲಿಗೆ ಮುಖ ಮಾಡಿದ ಗೋಡೆಯ ಶಾಖ. ಟ್ಯಾಕ್ಸಿಯ ಡ್ಯಾಶ್‌ಕ್ಯಾಮ್ ಕೂಡ ಹೀಗೆಯೇ: ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಎಂಟು ತಾಸು ಓಡಿದರೆ 54 ಜಿಬಿ. ಇಂಥ ಕೆಲಸಕ್ಕೆಂದೇ ಹೈ ಎಂಡ್ಯೂರೆನ್ಸ್ ಎಂಬ ಕಾರ್ಡುಗಳು ಬರುತ್ತವೆ, ಅವನ್ನೇ ಹಾಕಬೇಕು. ಅಲ್ಲಿ ದುಡಿದು ಬಂದ ಕಾರ್ಡನ್ನು ಫೋಟೋ ಕೆಲಸಕ್ಕೆ ಎಂದೂ ತರಬಾರದು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಜೊತೆ ಉಚಿತವಾಗಿ ಬರುವ ಕಾರ್ಡಿಗೂ ಇದೇ ಮಾತು, ಅದರ ಹಿಂದಿನ ಜೀವನ ನಮಗೆ ಗೊತ್ತಿರುವುದಿಲ್ಲ.

ಸವೆತದ ಉಳಿದ ಗುರುತುಗಳು ಇಷ್ಟು ಸ್ಪಷ್ಟವಿಲ್ಲ. ಅಸಲಿ ಕಾರ್ಡಿನಲ್ಲಿ, ಒಳ್ಳೆಯ ರೀಡರಿನಲ್ಲಿ, ನೂರರಲ್ಲಿ ಒಂದೋ ಎರಡೋ ಫೋಟೋಗೆ ಅಡ್ಡ ಪಟ್ಟೆ ಬೀಳುವುದು, ಬಣ್ಣ ಗುಲಾಬಿಗೆ ತಿರುಗುವುದು. ಎಫ್‌3 ಪರೀಕ್ಷೆಯನ್ನು ಎರಡು ಸಲ ಮಾಡಿದಾಗ ಎರಡು ಸಲವೂ ಚದುರಿದಂತೆ ತಪ್ಪು ಸಿಕ್ಕಿ, ಎರಡನೇ ಸಲ ಹೆಚ್ಚಾಗಿರುವುದು. ತುಂಬಿಸಿಟ್ಟ ಕಾರ್ಡನ್ನು ತಿಂಗಳುಗಟ್ಟಲೆ ಬಿಟ್ಟು ತೆರೆದಾಗ ಕೆಲವು ಫೈಲ್ ಓದಲು ಬಾರದಿರುವುದು. ಸವೆದ ಪದರ ವಿದ್ಯುದಂಶವನ್ನು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳಲಾರದು, ಶಾಖದಲ್ಲಿ ಸೋರಿಕೆ ಇನ್ನೂ ಬೇಗ. ಆದಕಾರಣ ಕಾರ್ಡನ್ನು ಆಲ್ಬಮ್ಮಿನಂತೆ ಬೀರುವಿನಲ್ಲಿಟ್ಟು ಮರೆಯಬೇಡಿ.

64 ಜಿಬಿ ಕಾರ್ಡ್ ಇದ್ದಕ್ಕಿದ್ದಂತೆ ಸೊನ್ನೆಯನ್ನೋ ಕೆಲವೇ ಎಂಬಿಯನ್ನೋ ತೋರಿಸಿದರೆ ಅದು ಕಂಟ್ರೋಲರಿನ ಸಾವು. ಎಷ್ಟು ಸಲ ಬರೆದಿರಿ ಎಂಬುದಕ್ಕೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ತಿಂಗಳ ಕೂಸಿನಂಥ ಕಾರ್ಡಿಗೂ ಬರುತ್ತದೆ. ಬರೆಯುತ್ತಿರುವಾಗ ಎಳೆಯುವುದು, ಬ್ಯಾಟರಿ ಪೂರ್ತಿ ಇಳಿಯುವವರೆಗೆ ತೆಗೆಯುತ್ತಲೇ ಇರುವುದು, ಚಳಿಗಾಲದ ಒಣ ಹವೆಯಲ್ಲಿ ಕೈಯ ಸ್ಥಿರ ವಿದ್ಯುತ್ತು, ಇವು ಅದಕ್ಕೆ ಕಾರಣವಾಗಬಲ್ಲವು. ಇಲ್ಲಿ ಮನೆಮದ್ದು ಇಲ್ಲ. ಫೋಟೋ ಬೇಕೇಬೇಕು ಎಂದಾದರೆ ಚಿಪ್ಪನ್ನೇ ನೇರವಾಗಿ ಓದುವ ಡೇಟಾ ರಿಕವರಿ ಲ್ಯಾಬುಗಳಿಗೆ ಹೋಗಬೇಕು, ಸಾವಿರಾರು ರೂಪಾಯಿಯ ಕೆಲಸ.

ಫೋಟೋ ಹೊರತೆಗೆಯುವುದು

ಕಾರ್ಡ್ ಕಂಪ್ಯೂಟರಿಗೆ ಕಾಣುತ್ತಿದೆ, ಆದರೆ ಫೈಲುಗಳು ಕಾಣುತ್ತಿಲ್ಲ ಎಂದರೆ ಆಸೆ ಬಿಡಬೇಡಿ. ಲಾಕ್ ಗುಂಡಿ ಕೆಳಗೇ ಇರಲಿ. ವಿಂಡೋಸ್ ತಾನಾಗಿ ರಿಪೇರಿ ಮಾಡುತ್ತೇನೆ ಎಂದರೆ ಒಪ್ಪಬೇಡಿ, ಅದು ಫೈಲುಗಳ ಪಟ್ಟಿಯನ್ನು ಸರಿಮಾಡುವ ಭರದಲ್ಲಿ ಫೋಟೋಗಳನ್ನು ತುಂಡುಮಾಡಬಹುದು. ಮೊದಲು ಕಾರ್ಡಿನ ಪೂರ್ತಿ ಪ್ರತಿಯನ್ನು ಒಂದು ಇಮೇಜ್ ಫೈಲಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಲಿನಕ್ಸಿನ ಡಿಡಿರೆಸ್ಕ್ಯೂ ಈ ಕೆಲಸಕ್ಕೆ ಬಹಳ ಚೆನ್ನ: ಸುಲಭವಾಗಿ ಓದಿ ಬರುವ ಭಾಗಗಳನ್ನು ಮೊದಲು ತೆಗೆದುಕೊಂಡು, ಹಟಮಾರಿ ಜಾಗಗಳಿಗೆ ಆಮೇಲೆ ಮರಳುತ್ತದೆ. ಸಾಯುತ್ತಿರುವ ಕಾರ್ಡಿಗೆ ಈ ಕ್ರಮವೇ ಸರಿ. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆ.

ಆ ಪ್ರತಿಯ ಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ. ಅದು ಫೈಲುಗಳ ಪಟ್ಟಿಯನ್ನು ನೋಡುವುದೇ ಇಲ್ಲ, ಪ್ರತಿಯೊಂದು ಜೆಪೆಗ್ ಅಥವಾ ರಾ ಫೈಲಿನ ತಲೆಯಲ್ಲಿರುವ ಗುರುತನ್ನು ಹುಡುಕಿಕೊಂಡು ಹೋಗುತ್ತದೆ. ಹೆಸರುಗಳು ಹೋಗುತ್ತವೆ, ಚಿತ್ರಗಳು ಬರುತ್ತವೆ. ತೆಗೆದ ಸಮಯ ಚಿತ್ರದೊಳಗೇ ಇರುವುದರಿಂದ ಸಾಲಾಗಿ ಜೋಡಿಸಿಕೊಳ್ಳಬಹುದು. ದೊಡ್ಡ ವಿಡಿಯೋಗಳು ತುಂಡುತುಂಡಾಗಿ ಕೂತಿರುವುದರಿಂದ ಅಷ್ಟು ಚೆನ್ನಾಗಿ ಬರುವುದಿಲ್ಲ. ಹೊರಬಂದ ಫೈಲುಗಳನ್ನು ಯಾವ ಕಾರಣಕ್ಕೂ ಅದೇ ಕಾರ್ಡಿಗೆ ಉಳಿಸಬೇಡಿ.

ಯಾವಾಗ ನಿವೃತ್ತಿ

ಸಾಮಾನ್ಯ ಎಸ್‌ಡಿ ಕಾರ್ಡ್ ತನ್ನ ಆಯುಸ್ಸು ಇನ್ನೆಷ್ಟಿದೆ ಎಂದು ನಮಗೆ ಹೇಳುವುದಿಲ್ಲ. ಆದ್ದರಿಂದ ನಾನು ಕೊಂಡ ತಿಂಗಳು, ವರ್ಷ ಮತ್ತು ಒಂದು ಸಂಖ್ಯೆಯನ್ನು ಮಾರ್ಕರಿನಿಂದ ಕಾರ್ಡಿನ ಮೇಲೇ ಬರೆಯುತ್ತೇನೆ. ಯಾವ ಮದುವೆಗೆ ಯಾವ ಸಂಖ್ಯೆ ಎಂದು ಪುಸ್ತಕದಲ್ಲಿ ಗುರುತಿರುತ್ತದೆ. ಕಾರಣ ಸಿಕ್ಕ ಎರರಿಗೆ, ಅಂದರೆ ನುಚ್ಚಕ್ಕಿ, ರೀಡರ್, ಗುಂಡಿ ಇಂಥವಕ್ಕೆ ಕಾರ್ಡನ್ನು ದೂರುವುದಿಲ್ಲ. ಮೇಲಿನದ್ದೆಲ್ಲ ಪರೀಕ್ಷಿಸಿಯೂ ಕಾರಣ ಸಿಗದ ಎರರ್ ಒಮ್ಮೆ ಬಂದರೆ ಆ ಕಾರ್ಡ್ ಮದುವೆ ಬ್ಯಾಗಿನಿಂದ ಹೊರಗೆ. ಐದು ವರ್ಷ ತುಂಬಿದ ಕಾರ್ಡ್ ಚೆನ್ನಾಗಿದ್ದರೂ ಮುಹೂರ್ತಕ್ಕೆ ಹಾಕುವುದಿಲ್ಲ, ಶಾಲೆಯ ಗುಂಪು ಫೋಟೋದಂಥ ಮತ್ತೆ ತೆಗೆಯಬಹುದಾದ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ಎರಡು ಸ್ಲಾಟಿನ ಬಾಡಿ ಇದ್ದವರು ಎರಡಕ್ಕೂ ಒಟ್ಟಿಗೆ ಬರೆಯುವಂತೆ ಹೊಂದಿಸಿಕೊಳ್ಳಿ. ಧಾರೆ ಎರಡನೇ ಸಲ ನಡೆಯುವುದಿಲ್ಲ.

ನಿವೃತ್ತಿಯಾದ ಕಾರ್ಡನ್ನು ಹಾಗೇ ಕಸಕ್ಕೆ ಹಾಕಬೇಡಿ. ಬರೆಯುವ ಬಾಗಿಲು ಮುಚ್ಚಿದ ಕಾರ್ಡಿನಲ್ಲಿ ಯಾರದೋ ಮನೆಯ ಫೋಟೋಗಳು ಹಾಗೇ ಇರುತ್ತವೆ, ನಾವು ಬಯಸಿದರೂ ಅಳಿಸಲಾಗುವುದಿಲ್ಲ. ನಾನು ಕಟಿಂಗ್ ಪ್ಲೇಯರಿನಿಂದ ಅಡ್ಡಕ್ಕೆ ಮೂರು ಕಡೆ ಕತ್ತರಿಸಿ, ಒಳಗಿನ ಚಿಪ್ಪು ತುಂಡಾದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಇ-ತ್ಯಾಜ್ಯದ ಡಬ್ಬಿಗೆ ಹಾಕುತ್ತೇನೆ.